ಇಪ್ಪತ್ತಾರನೆಯ ವ್ಯಾಗನ್

ಡೌಗಾವ್‌ಪಿಲ್ಸ್ ಯಾರ್ಡಿನಲ್ಲಿ ಇರುಳು ಪಾಳಿ.
ಹಳಿಯ ಮೇಲೆ ಹೊಸ ಹಿಮ, ಅದರ ಮೇಲೆ ಕಲ್ಲಿದ್ದಲ ಹುಡಿ.
ವಿಜ್ಮಾ ಕನ್ನಡಕ ಮೂಗಿಗಿಳಿಸಿ
ರದ್ದಾದ ಸರಕುಚೀಟಿಯ ಬೆನ್ನಿಗೆ ಬರೆಯುತ್ತಾಳೆ: ಮೂರು.
ಒಂದರಿಂದ ಭಾಗವಾಗುತ್ತದೆ. ಅದರಲ್ಲೇನು, ಯಾವುದು ಆಗದು?
ಪಕ್ಕಕ್ಕೆ ಆರು. ಮೂವತ್ತಾರು, ಎರಡರಿಂದ.
ಸೊನ್ನೆಗೆ ಕೊಂಡಿ ಹಾಕು: ಮುನ್ನೂರ ಅರವತ್ತು, ಮೂರರಿಂದ.
ಎಂಟು ಬಂತು. ನಾಲ್ಕರಿಂದ ಒರೆಸಿದಂತೆ ಹೋಯಿತು.

ಇಷ್ಟೇ ಆಟ.
ಎಷ್ಟನೆಯ ವ್ಯಾಗನ್ ಸೇರಿತೋ ಅಷ್ಟರಿಂದ
ಇಡೀ ರೈಲು ನಿಶ್ಶೇಷವಾಗಿ ಭಾಗವಾಗಬೇಕು.
ಹಿಂದೆ ಹಾಕಿದ್ದನ್ನು ಬಿಚ್ಚುವಂತಿಲ್ಲ.
ಬರುವುದು ಹಟ ಮಾಡಿದರೆ
ಆ ರೈಲು ಅಲ್ಲೇ ನಿಂತಿತು.

ಏಳರ ಬಳಿ ಬಹಳ ಸೋಲುತ್ತವೆ, ಅನ್ನುತ್ತಾಳೆ.
ಎರಡು, ಐದು, ಹತ್ತು ಬಾಲ ನೋಡಿ ಬಿಟ್ಟುಕೊಡುತ್ತವೆ,
ಮೂರಕ್ಕೂ ಒಂಬತ್ತಕ್ಕೂ ಅಂಕಿ ಕೂಡಿ ತೋರಿಸಿದರೆ ಸಾಕು,
ಏಳಕ್ಕೆ ಮಾತ್ರ ಮುಖಸ್ತುತಿ ಹಿಡಿಸದು,
ಕೂತು ಭಾಗಿಸಲೇಬೇಕು.
ಮೂವತ್ತಾರು ಲಕ್ಷದ ಎಂಟು ಸಾವಿರದ ಐನೂರ ಇಪ್ಪತ್ತೆಂಟು.
ಭಾಗಿಸಿದಳು. ಚಹಾ ಆರಿತು. ಶೇಷ ಸೊನ್ನೆ.

ಹನ್ನೊಂದು ಚಳಿಗಾಲ ಹೀಗೆ. ಬೀಗದ ಪೆಟ್ಟಿಗೆಯಲ್ಲಿ ಲೆಕ್ಕ:
ಒಂಬತ್ತಂಕಿಯವು ಎರಡು ಸಾವಿರದ ನಾನೂರ ತೊಂಬತ್ತೆರಡು,
ಹತ್ತಂಕಿಯವೂ ಅಷ್ಟೇ,
ಸೊನ್ನೆ ಕರೆದವರ ಮನೆಗೆಲ್ಲ ಹೋಗುತ್ತದೆ.
ಆಮೇಲೆ ಇಳಿಜಾರು.
ಇಪ್ಪತ್ತೊಂದರ ಹೊತ್ತಿಗೆ ಹದಿನೆಂಟು,
ಹನ್ನೆರಡು, ಆರು, ಮೂರು,
ಇಪ್ಪತ್ತೈದು ಮುಟ್ಟಿದ್ದು ಒಂದೇ ಒಂದು:

೩೬೦೮೫೨೮೮೫೦೩೬೮೪೦೦೭೮೬೦೩೬೭೨೫

ಕೋಟಿ ಕೋಟಿ ಕೋಟಿಯ ಮೂರು ಸಾವಿರದ ಆರುನೂರ ಎಂಟು ಪಟ್ಟು,
ಮೇಲೆ ಚಿಲ್ಲರೆ.
ಚೀಟಿಯ ಅಂಚು ಸಾಲದೆ
ಬಾಲವನ್ನು ಕೆಳಕ್ಕೆ ಬಗ್ಗಿಸಿ ಬರೆದಿದ್ದಳು.

ಯಾಜೆಪ್ಸ್ ಒಳಬಂದ, ಗಡ್ಡದಲ್ಲಿ ಮಂಜು.
ವ್ಯಾಗನ್ ಜೋಡಿಸುವವನು. ಎಡಗೈಯ ಕಿರುಬೆರಳು
ಎಪ್ಪತ್ತೊಂದರ ಫೆಬ್ರವರಿಯಲ್ಲಿ ಎರಡು ಕಬ್ಬಿಣದ ನಡುವೆ ಹೋಯಿತು.
"ಇನ್ನೊಂದು ಸೇರಿಸು," ಅಂದ,
"ರೈಲಿಗೇನು, ಉದ್ದ ಆದಷ್ಟೂ ಆಯ್ತು."

ಕೊನೆಗೆ ಸೊನ್ನೆ ಇಟ್ಟು ಇಪ್ಪತ್ತಾರರಿಂದ ಭಾಗಿಸಿದಳು.
ಹನ್ನೆರಡು ಉಳಿಯಿತು.
ಸರಿದೂಗಲು ಹದಿನಾಲ್ಕು ಬೇಕು,
ಒಂದೇ ಸ್ಥಾನದಲ್ಲಿ ಹದಿನಾಲ್ಕು ಕೂರದು.
"ಅಂಕಿ ಒಂಬತ್ತಕ್ಕೇ ಮುಗಿಯುತ್ತದೆ, ಯಾಜೆಪ್ಸ್."
ಅವನು ಎರಡೂ ಕೈ ಮೇಜಿನ ಮೇಲೆ ಹರಡಿ
ಬೆರಳು ಎಣಿಸಿ ನಕ್ಕ:
"ನನ್ನವೂ."

ಇದರಿಂದ ಏನು ಉಪಯೋಗ ಎಂದು ನಾನು ಕೇಳಿದೆ.
ಆಗ ಹತ್ತೊಂಬತ್ತು ನನಗೆ.
ಒಲೆಗೆ ಕಲ್ಲಿದ್ದಲು ಹಾಕು ಅಂದಳು.

ನಾಲ್ಕು ಹತ್ತಕ್ಕೆ ರೇಜೆಕ್ನೆಯ ಸರಕುಗಾಡಿ ಹೊರಟಿತು.
ಎಷ್ಟು ವ್ಯಾಗನ್ ಎಂದು ರಿಜಿಸ್ಟರಿಗೆ ಬರೆಯಬೇಕಾದವನು ನಾನು.
ಇಪ್ಪತ್ತೈದರತನಕ ಎಣಿಸಿದ್ದು ನೆನಪಿದೆ.
ಗಾಡಿ ಇನ್ನೂ ಹೋಗುತ್ತಲೇ ಇತ್ತು.