ದೊಡ್ಡ ಎಮ್ಮು, ಸಣ್ಣ ಎಮ್ಮು

ಸೊಹಾರ್ ಬಂದರಿನ ಮೂರನೆಯ ಗೇಟಿನಲ್ಲಿ
ಮಧ್ಯಾಹ್ನ ಮೂರಕ್ಕೆ ಡ್ಯೂಟಿ ಹತ್ತುತ್ತೇನೆ.
ಏಸಿ ತೊಟ್ಟಿಕ್ಕುವಲ್ಲಿ ಒಂದು ಖಾಲಿ ಲಬನ್ ಡಬ್ಬಿ,
ಮೇಜಿನ ಮೇಲೆ ಮೂರು ಮುದ್ರೆ, ಒಣಗಿದ ಪ್ಯಾಡು,
ಮತ್ತೆ ಶಾಲೆ ಬಿಟ್ಟು ಬಂದ ಝುಲ್ಫಾ.
ಕ್ರೇನಿನ ಸತ್ತಾರನ ಮಗಳು, ಹತ್ತನೆಯ ಕ್ಲಾಸು.
ಅಪ್ಪ ಮೇಲಿಂದ ಇಳಿಯುವವರೆಗೆ
ನನ್ನ ಸ್ಟೂಲಿನ ಮೇಲೆ ಲ್ಯಾಪ್‌ಟಾಪು ಬಿಚ್ಚಿ ಕೂರುತ್ತಾಳೆ.

"ತಪ್ಪೇ ಇಲ್ಲ ಬೋಜಣ್ಣ, ಒಂದೂ ಕೆಂಪು ಗೆರೆ ಇಲ್ಲ.
ಆದರೂ ಓಡುವುದಿಲ್ಲ, ಎಂತ ಮಾಡುವುದು?"

ನನಗೆ ಕಂಪ್ಯೂಟರೆಂದರೆ ಲಾರಿ ನಂಬರು ಒತ್ತುವ ಪರದೆ.
ಆದರೆ ಈ ಮಾತು ಗೊತ್ತು.
ಕಾಗದ ಎಲ್ಲ ಸರಿ ಉಂಟು, ಒಳಗೆ ಬಿಡುವ ಹಾಗಿಲ್ಲ:
ದಿನಕ್ಕೆ ಹತ್ತು ಸಲ ನಾನೇ ಆಡುವ ಮಾತದು.

ಓದು ನೋಡುವ, ಎಂದೆ.
ಬೆರಳಿಟ್ಟು ಓದಿದಳು,
ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್.

ಇದೊಂದು ಬಾಗಿಲಂತೆ. ಒಳಗೆ ಎಷ್ಟು ಕೋಣೆ ಕಟ್ಟು,
ಎಷ್ಟು ಜನರನ್ನು ಬೇಕಾದರೂ ಬರೆದಿಡು,
ಈ ಸಾಲು ಇಲ್ಲದೆ ಯಾರಿಗೂ ಬೆಳಗಾಗುವುದಿಲ್ಲ.
ಕರೆಯುವವನು ಹೊರಗಿನವನು,
ಅವನ ಕೈಗೆ ಎಟುಕಬೇಕು, ಅದಕ್ಕೆ ಪಬ್ಲಿಕ್.
ಸ್ಟ್ಯಾಟಿಕ್ ಯಾಕೆ ಎಂದಾಗ ತಡವರಿಸಿದಳು,
ಪೆನ್ಸಿಲು ಕಚ್ಚಿ, ಕಿಟಕಿಯಾಚೆ ಕಂಟೇನರು ನೋಡಿ,
"ಒಳಗೆ ಇನ್ನೂ ಯಾರೂ ಹುಟ್ಟಿರುವುದಿಲ್ಲ.
ಹುಟ್ಟಿಸಬೇಕಾದವನೇ ಇವನು.
ಹಾಗಾಗಿ ಹುಟ್ಟದೇ ಓಗೊಡಬೇಕು."

ಹುಟ್ಟದೇ ಓಗೊಡುವುದು.
ಗಂಗೊಳ್ಳಿಯಿಂದ ಬಂದ ಮೊದಲ ವಾರ
ನನಗೆ ರೆಸಿಡೆಂಟ್ ಕಾರ್ಡು ಇಲ್ಲ, ಎದೆಯ ಮೇಲೆ ಬ್ಯಾಡ್ಜಿಲ್ಲ,
ಅಳತೆಗೆ ಮೀರಿದ ಯಾರದೋ ಸಮವಸ್ತ್ರ.
ರಾತ್ರಿ ಎರಡಕ್ಕೆ ಹಾರ್ನು ಬಿದ್ದಾಗ
ಎದ್ದು ಹೋಗಿ ಅಡ್ಡಕಂಬಿ ಎತ್ತಿದ್ದೆ.
ಬಂದರಿನ ಲೆಕ್ಕದಲ್ಲಿ ನಾನಿನ್ನೂ ಇರಲೇ ಇಲ್ಲ.

ವಾಯ್ಡ್ ಅಂದರೆ ತಿರುಗಿ ಏನೂ ಕೊಡದವನು.
ಅವಳು ವಿವರಿಸಲು ಹೊರಟಳು.
ಗೊತ್ತಾಯಿತು, ಮುಂದೆ ಹೋಗು, ಎಂದೆ.

ಕೊನೆಗೆ ಚೌಕ ಬ್ರಾಕೆಟ್ಟಿನ ಒಂದು ಚೀಲ,
ಕರೆಯುವವನು ಏನಾದರೂ ಕೊಟ್ಟರೆ ತುಂಬಿಕೊಳ್ಳಲು.
ಕೊಡದಿದ್ದರೆ?
"ಖಾಲಿ ಇರಲಿ. ಚೀಲ ಮಾತ್ರ ಇರಲೇಬೇಕು.
ಅದಕ್ಕೆ ಯಾವ ಹೆಸರು ಇಟ್ಟರೂ ನಡೆಯುತ್ತದೆ."

ಹಾಗಾದರೆ ತಪ್ಪೆಲ್ಲಿ?
ಬ್ರಾಕೆಟ್ಟು ಎಣಿಸಿದಳು, ಅರ್ಧವಿರಾಮ ಎಣಿಸಿದಳು.
ನಾನು ಕನ್ನಡಕ ಒರೆಸಿ
ಗೇಟ್‌ಪಾಸು ನೋಡುವ ಹಾಗೆ ನೋಡಿದೆ.
ಇಂಗ್ಲಿಷು ಅಷ್ಟಕ್ಕಷ್ಟೆ, ಅಕ್ಷರ ಮಾತ್ರ ಬಿಡುವವನಲ್ಲ.
ಎಮ್ಮು. ಮೇನಿನ ಎಮ್ಮು.
"ಇದು ಯಾಕೆ ದೊಡ್ಡದು?"

ಹಣೆ ಚಚ್ಚಿಕೊಂಡಳು.
ಮೇನ್ ಅಂದರೆ ಮುಖ್ಯ ಅಲ್ಲವಾ,
ಮರ್ಯಾದೆಗೆಂದು ದೊಡ್ಡದು ಬರೆದಿದ್ದಳಂತೆ.

ನಗು ಬಂತು. ಹಿಂದೆಯೇ ಗುಲ್ ಝರೀನ್ ಬಂದ.
ಪಾಸ್‌ಪೋರ್ಟಿನಲ್ಲಿ ಝೆಡ್ಡು, ಗೇಟ್‌ಪಾಸಿನಲ್ಲಿ ಜೆ.
ಹೋದ ಜುಲೈ, ಎರಡು ರಾತ್ರಿ ಲಾರಿಯ ಅಡಿಯಲ್ಲಿ ಮಲಗಿದ,
ಮೇಲೆ ಈರುಳ್ಳಿ ಬೆವರಿತು, ನೀರಾಯಿತು, ರಸ್ತೆಗೆ ಇಳಿಯಿತು.
ಅವನೇ ಅವನು ಎಂದು ನನಗೆ ಗೊತ್ತಿತ್ತು,
ಹನ್ನೊಂದು ವರ್ಷದಿಂದ ಗೊತ್ತಿತ್ತು,
ಅವನ ಮಗನಿಗೆ ಹಲ್ಲು ಬಂದದ್ದು ಗೊತ್ತಿತ್ತು.
ಪರದೆಗೆ ಗೊತ್ತಿರಲಿಲ್ಲ.
ಮೂರನೆಯ ದಿನ ಒಳಗೆ ಹೋಗುವಾಗ
ಅವನು ನನ್ನ ಕಡೆ ನೋಡಲಿಲ್ಲ.
ಈಗ ಸುತ್ತುಹಾಕಿ ಐದನೆಯ ಗೇಟಿನಿಂದ ಹೋಗುತ್ತಾನೆ.

ಝುಲ್ಫಾ ಎಮ್ಮನ್ನು ಕುಗ್ಗಿಸಿ ಗುಂಡಿ ಒತ್ತಿದಳು.
ಕಪ್ಪು ಕಿಟಕಿಯಲ್ಲಿ ಸರಸರನೆ
ಏಳರ ಮಗ್ಗಿ, ಎಪ್ಪತ್ತರವರೆಗೆ.
ಇಷ್ಟಕ್ಕೆ ಇಷ್ಟೆಲ್ಲವಾ, ಎಂದೆ.
ಇಷ್ಟಕ್ಕೇ, ಎಂದಳು.

ಆಮೇಲೆ ಏನೋ ಹೊಳೆದ ಹಾಗೆ,
"ಚೀಲಕ್ಕೆ ಬೋಜ ಅಂತ ಹೆಸರಿಡಲಾ?"
ಇಡು ಮಾರಾಯ್ತಿ. ಸಣ್ಣ ಅಕ್ಷರದಲ್ಲೇ ಇಡು.

ಮತ್ತೊಮ್ಮೆ ಓಡಿಸಿದಳು. ಓಡಿತು,
ಚೀಲದಲ್ಲಿ ಏನೂ ಇರಲಿಲ್ಲ.
ಹೊರಗೆ ಹಾರ್ನು, ಎದ್ದು ಹೋದೆ.