ಸಪ್ಪೆ ಕಡಲು

ಬಿಳಿ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತೇನೆ
ಕಾಳಿ ಸಮುದ್ರ ಸೇರುವಲ್ಲಿ, ಕೋಡಿಬಾಗದ ಆಚೆ.
ಒಂದು ಮಾರು. ಮೇಲೊಂದು ಗೇಣು. ಮಾಯ.
ಬರೆದುಕೊಳ್ಳುತ್ತೇನೆ.
ದೋಣಿ ಅಲುಗದಂತೆ ಹಿಡಿದ ತುಳಸು ಹರಿಕಾಂತ
ಬೀಡಿ ಬಾಯಲ್ಲಿಟ್ಟೇ ಕೇಳುತ್ತಾನೆ:
"ಅಲ್ಲಿ ಎಷ್ಟಕ್ಕೆ ಮಾಯ ಆಗ್ತಿತ್ತು?"

ಅಲ್ಲಿ ಅಂದರೆ ಉತ್ತರದ ಸುಪೀರಿಯರ್.
ಎರಡು ಚಳಿಗಾಲ ಹಿಮದ ಮೇಲೆ ನಿಂತು
ಕೊರೆದ ತೂತಿನೊಳಗೆ ಇಂಥದೇ ತಟ್ಟೆ ಬಿಟ್ಟ ಕೆರೆ.
ಕೆರೆ ಎನ್ನಲು ನಾಲಿಗೆ ಏಳದು:
ಆಚೆ ದಡವಿಲ್ಲ, ತೆರೆಯಿದೆ, ದೀಪಸ್ತಂಭವಿದೆ,
ತಳದಲ್ಲಿ ಮುಳುಗಿದ ಹಡಗುಗಳಿವೆ.
ಉಪ್ಪೊಂದಿಲ್ಲ.
"ಹತ್ತು ಮಾರು," ಅಂದೆ.
"ದಡ ಕಾಣೂದಿಲ್ಲ, ಉಪ್ಪೂ ಇಲ್ಲ.
ಸಪ್ಪೆ ಕಡಲು ಅನ್ನಿ ಹಂಗಾರೆ," ಅಂದ.
ನಮ್ಮ ಪುಸ್ತಕಗಳಿಗೆ ಹೊಳೆಯದ ಹೆಸರು.

ವರ್ಷಕ್ಕೆರಡು ಸಲ ಅದು ಮಗ್ಗುಲು ಬದಲಿಸುತ್ತದೆ, ಅಂದೆ.
ನಾಲ್ಕು ಡಿಗ್ರಿಗೆ ನೀರು ಎಲ್ಲಕ್ಕಿಂತ ಭಾರ;
ಮೇಲಿನದು ಕೆಳಗಿಳಿದು, ತಳದ್ದು ಮೇಲೆದ್ದು
ಉಸಿರು ತೆಗೆದುಕೊಂಡು ಹೋಗುತ್ತದೆ.
ಈಗೀಗ ಹಿಮ ಕೂರುವುದೇ ತಡ, ಏಳುವುದು ಬೇಗ,
ಹೊರಳುವ ತಿಥಿ ತಪ್ಪುತ್ತಿದೆ.
ಅಲ್ಲಿನ ಬಂದರಿನವರು ಅಜ್ಜನ ಕಾಲದಿಂದ
ಹಿಮ ಬಿಟ್ಟ ದಿನ ಬರೆದಿಟ್ಟಿದ್ದರು,
ಅದರಿಂದ ಗೊತ್ತಾದದ್ದು.

ಅವನು ಹುಟ್ಟು ನೀರಿಗಿಟ್ಟ.
ಮಾತಿಲ್ಲದೆ ಕರೆದೊಯ್ದ ತನ್ನ ಬಲೆಯ ಕೊಟ್ಟಿಗೆಗೆ.
ಬೆಂಡು, ಹಗ್ಗ, ಒಣ ತಾರ್ಲೆಯ ನಾತ,
ಗೋಡೆಗಾನಿಸಿದ ಹಳೇ ದೋಣಿಯ ಹಲಗೆ.
ಅದರ ಮೇಲೆ ಡಾಂಬರಿನ ಗೀಟು, ಗೀಟಿನ ಪಕ್ಕ ತಾರೀಖು:
ಜೂನ್ ಹದಿನೇಳು. ಜೂನ್ ಒಂಬತ್ತು. ಜುಲೈ ಎರಡು.
"ಹೊಳೆಬಾಯಿ ಸಪ್ಪೆಯಾದ ದಿನ," ಅಂದ.
ಮಳೆ ಹಿಡಿದ ಮೇಲೆ ದಿನಾ ಬೆಳಿಗ್ಗೆ
ಬೊಗಸೆಯಲ್ಲಿ ಎತ್ತಿ ನಾಲಿಗೆಗಿಟ್ಟು ನೋಡುವುದು,
ಉಪ್ಪು ಬಿಟ್ಟಿತೋ, ಕಲಗ ತೆಗೆಯುವುದು ಬಿಡುವುದು.
ಅಪ್ಪ ಹೇಳಿಕೊಟ್ಟದ್ದು.

ಮೂವತ್ತೊಂದು ಗೀಟು.
ನನ್ನ ಯಂತ್ರಕ್ಕೆ ನಾಲ್ಕು ವರ್ಷ.

ಮೊಣಕಾಲೂರಿ ನಕಲು ಮಾಡುತ್ತ ಒಂದೆಡೆ ತಡೆದೆ.
ಗೀಟಿದೆ, ತಾರೀಖಿಲ್ಲ.
"ಆ ವರ್ಷವಾ?" ನಕ್ಕ. "ಕೊರೋನಾ ಬಂದಿತ್ತಲ್ರಾ.
ಒಂದು ತಿಂಗಳು ಎಲ್ಲ ನೀರೂ ಸಪ್ಪೆ,
ಹೆಂಡತಿ ಮಾಡಿದ ಮೀನಸಾರೂ ಸಪ್ಪೆ."

ಕೋಷ್ಟಕದ ಆ ಚೌಕದಲ್ಲಿ ಅಡ್ಡಗೆರೆ ಎಳೆದು
ಕೆಳಗೆ ಸಣ್ಣಕ್ಷರದಲ್ಲಿ ಬರೆದೆ:
ಉಪಕರಣ ಕೆಟ್ಟಿತ್ತು.
ಆಮೇಲೆ ತಾನಾಗಿ ಸರಿಹೋಗಿದೆ.