ಹತ್ತಿರ, ಅಗಲ

ಜಯನಗರದ ಆಸ್ಪತ್ರೆಯ ನೆಲಮಾಳಿಗೆ.
ನೀಲಿ ಚೌಕದೊಳಗೆ ಗಾಲಿಕುರ್ಚಿಯ ಬಿಳಿ ಮನುಷ್ಯ,
ತಲೆಯ ಮೇಲೆ ಯಾರದೋ ಟೈರಿನ ಗುರುತು,
ಮಡಿಲಲ್ಲಿ ಒಣಗಿದ ಕ್ರೋಟನ್ ಕುಂಡ.

ಕುಂಡ ತಪ್ಪಿಸಿ ಕಾರು ನಿಲ್ಲಿಸಿ ಇಳಿದೆ.
ಎರಡು ಕಾಲಿನ ಮೇಲೆ ಇಳಿದೆ. ಅದೇ ತಪ್ಪಾಯಿತು.

"ಮೇಡಂ, ಇದು ಅಂಗವಿಕಲರ ಜಾಗ,"
ಸೀಟಿಯನ್ನು ಬಾಯಿಂದ ತೆಗೆದು ಬಸಲಿಂಗ ಅಂದ,
"ನೀವು ನಡೀತೀರಲ್ಲ."

ನಡೀತೀನಿ, ಬಸಲಿಂಗ.
ಬೆಳಗ್ಗೆ ಹತ್ತರವರೆಗೆ ಚೆನ್ನಾಗೇ ನಡೀತೀನಿ.
ಆಮೇಲೆ ಸ್ನಾಯುಗಳು ಒಂದೊಂದಾಗಿ
ರಾತ್ರಿ ಪೇಟೆಯಲ್ಲಿ ಶಟರ್ ಎಳೆದ ಹಾಗೆ
ಎಳೆದುಕೊಳ್ಳುತ್ತವೆ: ಮೊದಲು ರೆಪ್ಪೆ,
ಆಮೇಲೆ ನಾಲಿಗೆ, ಕೊನೆಗೆ ತೊಡೆ.
ಈಗ ಗಂಟೆ ನಾಲ್ಕೂವರೆ.
ಇಲ್ಲಿಂದ ಲಿಫ್ಟಿಗೆ ಹದಿನೆಂಟು ಹೆಜ್ಜೆ,
ಆ ಕಂಬದಾಚೆಯಿಂದ ನೂರಾ ಹತ್ತು.
ಎಪ್ಪತ್ತರ ಆಚೆ ಏನಿದೆಯೆಂದು
ಎಣಿಸುವವರಿಗೆ ಮಾತ್ರ ಗೊತ್ತು.

ಇಷ್ಟೆಲ್ಲ ಹೇಳಲಿಲ್ಲ. ಕಾರ್ಡು ತೋರಿಸಿದೆ.
ಶೇಕಡಾ ನಲವತ್ತೈದು ಅಂತಿದೆ ಅದರಲ್ಲಿ.
ಅವನು ಮೇಲಿಂದ ಕೆಳಗೆ ನೋಡಿದ,
ಆ ನಲವತ್ತೈದು ನನ್ನ ಮೈಯಲ್ಲಿ
ಎಲ್ಲಿ ಅಡಗಿ ಕೂತಿದೆ ಅಂತ.
ಸರ್ಟಿಫಿಕೇಟ್ ಕೊಟ್ಟ ಡಾಕ್ಟರೂ ಹಾಗೇ ನೋಡಿದ್ದರು.

ಅಷ್ಟರಲ್ಲಿ ಇಳಿಜಾರಲ್ಲಿ ಒಂದು ಹಳೇ ಆಲ್ಟೋ,
ಬ್ರೇಕು ಆಕ್ಸಿಲರೇಟರು ಎಲ್ಲ ಕೈಗೇ ಜೋಡಿಸಿದ್ದು.
ಪಕ್ಕದ ಸೀಟಿನಲ್ಲಿ ಮಡಿಸಿದ ಗಾಲಿಕುರ್ಚಿ
ಬೆಲ್ಟ್ ಹಾಕಿಕೊಂಡು ಸಭ್ಯವಾಗಿ ಕೂತಿತ್ತು.
ಕಿಟಕಿ ಇಳಿಸಿದರು ನಯೀಮುಲ್ಲಾ.

ಬಸಲಿಂಗನಿಗೆ ಎಷ್ಟು ನಿರಾಳ!
ಚಿತ್ರದಲ್ಲಿರುವವರೇ ಬಂದರಲ್ಲ.
"ನೋಡಿ ಮೇಡಂ, ಇವರದು ಇದು."

ಸುಳ್ಳು ಹೇಳದೆಯೂ ಸಿಕ್ಕಿಬಿದ್ದ ನಾಚಿಕೆ.
ವಾಪಸು ಕೂತು ಕೀ ತಿರುಗಿಸಲು ಹೋದೆ,
ಬೆರಳು ಮಾತು ಕೇಳಲಿಲ್ಲ.

ನಯೀಮುಲ್ಲಾ ನನ್ನ ಮುಖ ನೋಡಲಿಲ್ಲ,
ಬೆರಳು ನೋಡಿದರು.
"ನಿಮಗೆ ಬೇಕಿರೋದು ಹತ್ತಿರ, ಅಲ್ವಾ?
ದೂರ ಆದ್ರೆ ನನಗೇನು, ಗಾಲಿ ಇದೆ.
ಬೇಕಿರೋದು ಅಗಲ. ಬಾಗಿಲು ಪೂರ್ತಿ ತೆಗೆದು
ಕುರ್ಚಿ ಬಿಡಿಸೋಕೆ ಒಂದು ಮಂಚದಷ್ಟು.
ಬಸಲಿಂಗಪ್ಪ, ಡಾಕ್ಟರುಗಳ ಆ ಎರಡು ಜಾಗಕ್ಕೂ
ನಡುವೆ ಅಡ್ಡಡ್ಡ ಹಾಕ್ತೀನಿ.
ಬೈದ್ರೆ ನನ್ನ ಹೆಸರು ಹೇಳು."

ಹನ್ನೊಂದನೇ ಹೆಜ್ಜೆಯಲ್ಲಿ ಗೋಡೆ ಹಿಡಿದೆ.
ಹಿಂದೆ ಬಸಲಿಂಗ ಕುಂಡ ಎತ್ತಿಕೊಂಡು
ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ.

ಲಿಫ್ಟ್ ಬಂತು.
ಅತ್ತ ಇನ್ನೂ ಕುರ್ಚಿ ಬಿಡಿಸುವ ಕಟಕಟ.
ಬಾಗಿಲು ಮುಚ್ಚದಂತೆ ಭುಜ ಕೊಟ್ಟು ನಿಂತೆ,
ನಿಲ್ಲಲಾಗುವಷ್ಟು ಹೊತ್ತು.